ನಮ್ಮ ಕಂಪ್ಯೂಟರಿಗೆ ಯಾವ ಎಸ್‌ಎಸ್‌ಡಿ?

ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಗ್ರಂಥಾಲಯವೊಂದರಲ್ಲಿ ಭಾನುವಾರ ಅಪರಾಹ್ನ ಆಡಿದ ಮಾತುಗಳ ಬರಹ ರೂಪ ಇದು. ಸಭೆಯಿಂದ ಬಂದ ಪ್ರಶ್ನೆಗಳನ್ನು ಬಂದಲ್ಲಿಯೇ ಉಳಿಸಿಕೊಂಡಿದ್ದೇನೆ.

ಹಿರಿಯರೇ, ಗ್ರಂಥಾಲಯದ ಬಂಧುಗಳೇ, ಸರಕಾರಿ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರಗಳಿಂದ ಬಿಡುವು ಮಾಡಿಕೊಂಡು ಬಂದ ಅಕ್ಕಂದಿರೇ, ಶಾಲೆಯ ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ಮೊದಲು ಈ ಎರಡು ವಸ್ತುಗಳನ್ನು ಕೈಯಿಂದ ಕೈಗೆ ದಾಟಿಸಿ ನೋಡಿ. ಎರಡೂ ಕಂಪ್ಯೂಟರಿನ ಕಡತಗಳನ್ನು ಉಳಿಸಿಡುವ ಸಾಧನಗಳು. ಭಾರವಾಗಿ ತಣ್ಣಗೆ ಇರುವುದು ಹಾರ್ಡ್ ಡಿಸ್ಕ್. ಮುಚ್ಚಳ ತೆಗೆದು ತಂದಿದ್ದೇನೆ. ಒಳಗಿನ ತಟ್ಟೆ ಕನ್ನಡಿಯ ಹಾಗೆ ಹೊಳೆಯುತ್ತದೆ, ಅದರ ಮೇಲೆ ಒಂದು ಸಣ್ಣ ತೋಳು ಚಾಚಿಕೊಂಡಿದೆ. ಕೆಲಸ ಮಾಡುವಾಗ ಈ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಇನ್ನೊಂದು, ಹೆಬ್ಬೆರಳಿನಷ್ಟು ಅಗಲ, ತೋರುಬೆರಳಿನಷ್ಟು ಉದ್ದದ ಹಸಿರು ಪಟ್ಟಿ, ಎಸ್‌ಎಸ್‌ಡಿ. ಸುಲಿದ ಒಂದು ಅಡಿಕೆಯಷ್ಟೇ ತೂಕ. ಇದರಲ್ಲಿ ತಿರುಗುವುದು, ಅಲುಗುವುದು ಏನೂ ಇಲ್ಲ. ಹಾರ್ಡ್ ಡಿಸ್ಕಿನಲ್ಲಿ ತೋಳು ಸರಿದು, ತಟ್ಟೆ ತಿರುಗಿ, ಬೇಕಾದ ಜಾಗ ಕೈಗೆ ಸಿಗಲು ಸುಮಾರು 10ರಿಂದ 15 ಮಿಲಿಸೆಕೆಂಡು ಹಿಡಿಯುತ್ತದೆ. ಎಸ್‌ಎಸ್‌ಡಿಯಲ್ಲಿ ಅದೇ ಕೆಲಸ 0.1 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಕಂಪ್ಯೂಟರ್ ಆನ್ ಆಗುವಾಗ ಇಂಥ ಹುಡುಕಾಟಗಳು ಸಾವಿರಗಟ್ಟಲೆ ನಡೆಯುತ್ತವೆ. ನಿಮ್ಮ ಹಳೆಯ ಲ್ಯಾಪ್‌ಟಾಪ್ ಎದ್ದು ಕೂರಲು ನಾಲ್ಕೈದು ನಿಮಿಷ ತೆಗೆದುಕೊಳ್ಳುತ್ತಿದ್ದರೆ ಬಹುಪಾಲು ತಪ್ಪು ಆ ತೋಳಿನದು, ಪ್ರೊಸೆಸರಿನದಲ್ಲ.

ನಾನು ಹದಿನೆಂಟು ವರ್ಷಗಳಿಂದ ಈ ಊರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಇಲ್ಲಿ ಬಂದು ಮಾತನಾಡಲು ಒಪ್ಪಿಕೊಂಡದ್ದಕ್ಕೆ ಒಂದು ಕಾರಣವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಳೆದ ಮಳೆಗಾಲದಲ್ಲಿ ಹಿರಿಯರೊಬ್ಬರು ಅಂಗಡಿಗೆ ಬಂದರು. ಪ್ಲಾಸ್ಟಿಕ್ ಕವರಿನೊಳಗೆ ಕರವಸ್ತ್ರ, ಕರವಸ್ತ್ರದೊಳಗೆ ಸುತ್ತಿಟ್ಟ ಒಂದು ಎಸ್‌ಎಸ್‌ಡಿ. ಮೂವತ್ತು ವರ್ಷಗಳ ಕಾಲ ಊರೂರು ಸುತ್ತಿ ಟೇಪಿನಲ್ಲಿ ಹಿಡಿದ ತಾಳಮದ್ದಳೆಗಳನ್ನು ಅವರು ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿದ್ದರು. ಹಾರ್ಡ್ ಡಿಸ್ಕ್ ಹಳೆಯದಾಯಿತೆಂದು, ಹೊಸದು ಗಟ್ಟಿ ಎಂದು ಯಾರೋ ಹೇಳಿದರೆಂದು, ಎಲ್ಲವನ್ನೂ ಈ ಎಸ್‌ಎಸ್‌ಡಿಗೆ ತುಂಬಿಸಿ ಹಳೆಯದನ್ನು ಗುಜರಿಗೆ ಕೊಟ್ಟಿದ್ದರು. ಕ್ಯಾಸೆಟ್ಟುಗಳು ಅಷ್ಟರಲ್ಲಿ ಬೂಸಲು ಹಿಡಿದಿದ್ದವು. ಐದು ತಿಂಗಳಾಗುವಾಗ ಒಂದು ಬೆಳಿಗ್ಗೆ ಡ್ರೈವ್ ಕಾಣಿಸಲಿಲ್ಲ. ನಾನು ಜೋಡಿಸಿ ನೋಡಿದೆ. ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ ಬಯಾಸ್ ಎಂಬ ಮೂಲ ತಂತ್ರಾಂಶದಲ್ಲಿ ಕಂಪನಿಯ ಹೆಸರು ಬರಬೇಕಾದ ಜಾಗದಲ್ಲಿ ಅರ್ಥವಿಲ್ಲದ ಯಾವುದೋ ಅಕ್ಷರಗಳು ಬಂದವು, ಗಾತ್ರ ಸೊನ್ನೆ ಎಂದು ತೋರಿಸಿತು. ಅವರು ಕೇಳಿದ್ದು ಒಂದೇ ಮಾತು: "ಸ್ವಲ್ಪವಾದರೂ ಸಿಗಬಹುದಾ?" ನನ್ನಿಂದ ಒಂದು ಪದ್ಯವನ್ನೂ ಹಿಂದೆ ತರಲು ಆಗಲಿಲ್ಲ. ಯಕ್ಷಗಾನದ ಕವಿ ಪಾರ್ತಿಸುಬ್ಬ ಹುಟ್ಟಿದ ಈ ಸೀಮೆಯಲ್ಲಿ ಹಾಗೆ ಹೋದದ್ದನ್ನು ನನಗೆ ಮರೆಯಲು ಆಗುತ್ತಿಲ್ಲ.

ಆದ್ದರಿಂದ ಇವತ್ತು ನಾನು ಹೇಳಲು ಬಂದದ್ದು ವೇಗದ ಬಗ್ಗೆ ಅಲ್ಲ. ಎಸ್‌ಎಸ್‌ಡಿ ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದು ವೇಗ. ಕೊಳ್ಳುವಾಗ ನಾವು ಕೊನೆಗೆ ನೋಡಬೇಕಾದದ್ದು ಅದೇ ವೇಗ. ಒಳಗೆ ಯಾವ ಬಗೆಯ ಮೆಮೊರಿ ಇದೆ, ಕಂಪನಿ ಎಷ್ಟು ವರ್ಷ ಹೊಣೆ ಹೊರುತ್ತದೆ, ಕೆಟ್ಟರೆ ನಾವು ಯಾರ ಬಾಗಿಲಿಗೆ ಹೋಗಬೇಕು ಎಂಬುದನ್ನು ಮೊದಲು ನೋಡಬೇಕು. ಕೈಯಲ್ಲಿರುವ ಹಣದಲ್ಲಿ ಒಂದು ಪಾಲನ್ನು ಎರಡನೆಯ ಪ್ರತಿಗೆಂದು ಎತ್ತಿಟ್ಟು ಉಳಿದದ್ದರಲ್ಲಿ ಎಸ್‌ಎಸ್‌ಡಿ ಕೊಳ್ಳಬೇಕು.

ನಮ್ಮ ಕಾಸರಗೋಡು ಜಿಲ್ಲೆಯಾದದ್ದು 1984ರ ಮೇ 24ರಂದು. ಅದೇ ವರ್ಷ ಜಪಾನಿನ ತೋಷಿಬಾ ಕಂಪನಿಯ ಎಂಜಿನಿಯರ್ ಫುಜಿಯೊ ಮಸುವೊಕಾ ಅವರು ಫ್ಲ್ಯಾಶ್ ಮೆಮೊರಿಯನ್ನು ಸ್ಯಾನ್ ಫ್ರಾನ್ಸಿಸ್ಕೋದ ಸಮ್ಮೇಳನವೊಂದರಲ್ಲಿ ಲೋಕದ ಮುಂದಿಟ್ಟರು. ದೊಡ್ಡ ಭಾಗವನ್ನು ಒಮ್ಮೆಲೇ ಅಳಿಸುವ ರೀತಿ ಕ್ಯಾಮೆರಾದ ಫ್ಲ್ಯಾಶ್ ಮಿಂಚಿದ ಹಾಗಿದೆ ಎಂದು ಅವರ ಸಹೋದ್ಯೋಗಿಯೊಬ್ಬರು ಈ ಹೆಸರು ಸೂಚಿಸಿದರಂತೆ. 1987ರಲ್ಲಿ ಬಂದ ನ್ಯಾಂಡ್ ಎಂಬ ಬಗೆಯೇ ಇವತ್ತಿನ ಪೆನ್ ಡ್ರೈವ್, ಮೊಬೈಲ್, ಎಸ್‌ಎಸ್‌ಡಿ ಎಲ್ಲದರ ಒಳಗೂ ಇರುವುದು.

ಅದು ಹೇಗೆ ನೆನಪಿಟ್ಟುಕೊಳ್ಳುತ್ತದೆ? ಒಂದು ಕೊಡಪಾನವನ್ನು ಕಣ್ಣ ಮುಂದೆ ತಂದುಕೊಳ್ಳಿ. ನೀರಿನ ಬದಲು ಅದರಲ್ಲಿ ಎಲೆಕ್ಟ್ರಾನುಗಳು. ತುಂಬಿದರೆ ಒಂದು ಅರ್ಥ, ಖಾಲಿಯಿದ್ದರೆ ಇನ್ನೊಂದು ಅರ್ಥ ಎಂದಿಟ್ಟುಕೊಂಡರೆ ಒಂದು ಕೊಡದಲ್ಲಿ ಒಂದು ಬಿಟ್, ಅಂದರೆ ಸೊನ್ನೆ ಅಥವಾ ಒಂದು ಎಂಬ ಅತಿ ಸಣ್ಣ ಮಾಹಿತಿ. ಇದು ಎಸ್‌ಎಲ್‌ಸಿ. ಕತ್ತಲೆಯಲ್ಲಿ ಕೈ ಹಾಕಿದರೂ ತುಂಬಿದೆಯೋ ಖಾಲಿಯೋ ಎಂದು ತಿಳಿಯುತ್ತದೆ, ಆದರೆ ಕೊಡಗಳು ಬಹಳ ಬೇಕು, ಖರ್ಚು ಹೆಚ್ಚು. ಅದೇ ಕೊಡಕ್ಕೆ ನಾಲ್ಕು ಮಟ್ಟದ ಗುರುತು ಹಾಕಿದರೆ ಎರಡು ಬಿಟ್ ಹಿಡಿಸುತ್ತದೆ, ಅದು ಎಂಎಲ್‌ಸಿ. ಎಂಟು ಮಟ್ಟ ಗುರುತಿಸಿದರೆ ಮೂರು ಬಿಟ್, ಟಿಎಲ್‌ಸಿ. ಹದಿನಾರು ಮಟ್ಟ ಗುರುತಿಸಿದರೆ ನಾಲ್ಕು ಬಿಟ್, ಕ್ಯೂಎಲ್‌ಸಿ. ಗುರುತುಗಳು ಹತ್ತಿರ ಹತ್ತಿರ ಬಂದಷ್ಟು ತುಂಬಿಸುವಾಗ ಜಾಗ್ರತೆ ಬೇಕು, ಅಳೆಯಲು ಹೊತ್ತು ಹಿಡಿಯುತ್ತದೆ, ಸ್ವಲ್ಪ ಸೋರಿದರೂ ಲೆಕ್ಕ ತಪ್ಪುತ್ತದೆ. ಪ್ರತಿ ಸಲ ತುಂಬಿಸಿ ಖಾಲಿ ಮಾಡುವಾಗ ಎಲೆಕ್ಟ್ರಾನುಗಳು ತೆಳುವಾದ ಒಂದು ನಿರೋಧಕ ಪದರವನ್ನು ತೂರಿ ಹೋಗಬೇಕು. ಆ ಪದರ ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ಹೀಗಾಗಿಯೇ ಎಸ್‌ಎಸ್‌ಡಿಗೆ ಬರೆಯುವ ಆಯುಸ್ಸು ಎಂಬುದೊಂದು ಇರುವುದು.

ಒಂದು ಕಾಲದಲ್ಲಿ ಟಿಎಲ್‌ಸಿ ಎಂದರೆ ಜನ ಹೆದರುತ್ತಿದ್ದರು. 2013ರಲ್ಲಿ ಸ್ಯಾಮ್‌ಸಂಗ್ ಕೊಡಗಳನ್ನು ಒಂದರ ಮೇಲೊಂದು ಮಹಡಿಯ ಹಾಗೆ ಪೇರಿಸುವ ಚಿಪ್ಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ, ಜಾಗಕ್ಕಾಗಿ ಕೊಡವನ್ನೇ ಕಿರಿದು ಮಾಡುತ್ತ ಹೋಗುವ ಅಗತ್ಯ ಕಡಿಮೆಯಾಯಿತು. ಟಿಎಲ್‌ಸಿಯ ಬಾಳಿಕೆ ಸುಧಾರಿಸಿತು. ಇವತ್ತು ಮನೆಗೆ, ಅಂಗಡಿಗೆ, ಗ್ರಂಥಾಲಯಕ್ಕೆ ಟಿಎಲ್‌ಸಿಯನ್ನು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ. ಕ್ಯೂಎಲ್‌ಸಿಯನ್ನು ಮಾತ್ರ ಯಾವ ಕೆಲಸಕ್ಕೆ ಎಂದು ಕೇಳದೆ ಹೇಳುವುದಿಲ್ಲ.

ಒಂದೇ ಕಂಪನಿಯ ಎರಡು ಡ್ರೈವುಗಳನ್ನು ಪಕ್ಕದಲ್ಲಿಟ್ಟು ನೋಡೋಣ. ಸ್ಯಾಮ್‌ಸಂಗ್ 870 ಇವಿಓ ಟಿಎಲ್‌ಸಿ, 870 ಕ್ಯೂವಿಓ ಕ್ಯೂಎಲ್‌ಸಿ. ಎರಡರ ಡಬ್ಬದ ಮೇಲೂ ಸೆಕೆಂಡಿಗೆ 560 ಎಂಬಿ ಓದುವ ವೇಗ ಎಂದೇ ಇದೆ. ಅಂಗಡಿಯಲ್ಲಿ ನಿಂತವನಿಗೆ ವ್ಯತ್ಯಾಸ ಕಾಣುವುದಿಲ್ಲ. ಒಳಗಿನ ವಿವರ ಪತ್ರ ನೋಡಿ: 1 ಟಿಬಿಯ ಇವಿಓಗೆ 5 ವರ್ಷ ಅಥವಾ 600 ಟಿಬಿ ಬರಹದ ವಾರಂಟಿ, ಕ್ಯೂವಿಓಗೆ 3 ವರ್ಷ ಅಥವಾ 360 ಟಿಬಿ. ಈ ಎರಡನೆಯ ಅಂಕಿಗೆ ಟಿಬಿಡಬ್ಲ್ಯು ಎನ್ನುತ್ತಾರೆ, ವಾರಂಟಿ ಮುಗಿಯುವ ಮೊದಲು ಡ್ರೈವಿಗೆ ಒಟ್ಟು ಎಷ್ಟು ಬರೆಯಬಹುದು ಎಂಬ ಲೆಕ್ಕ. ಕ್ಯೂವಿಓದ 1 ಟಿಬಿ ಮಾದರಿಯಲ್ಲಿ ಒಂದೇ ಸಮನೆ 42 ಜಿಬಿಯಷ್ಟು ಬರೆದ ಮೇಲೆ ವೇಗ ಸೆಕೆಂಡಿಗೆ 80 ಎಂಬಿಗೆ ಇಳಿಯುತ್ತದೆ ಎಂದು ಕಂಪನಿಯೇ ಬರೆದುಕೊಂಡಿದೆ. ಅದು ಎಷ್ಟೋ ಹಾರ್ಡ್ ಡಿಸ್ಕುಗಳಿಗಿಂತಲೂ ಕಡಿಮೆ ವೇಗ.

ಯಾಕೆ ಹಾಗೆ ಇಳಿಯುತ್ತದೆ ಎಂದರೆ, ಅಡಿಕೆ ಕೊಯ್ದು ತರುವ ದಿನವನ್ನು ನೆನಪಿಸಿಕೊಳ್ಳಿ. ಜೀಪಿನಿಂದ ಗೋಣಿಗಳನ್ನು ಮೊದಲು ಅಂಗಳದಲ್ಲಿ ಸುರಿಯುತ್ತೇವೆ, ಬೇಗ ಮುಗಿಯುತ್ತದೆ. ಒಣಗಿಸಿ, ಸುಲಿದು, ಜರಡಿ ಹಿಡಿದು, ಅಟ್ಟದಲ್ಲಿ ಒತ್ತಾಗಿ ಪೇರಿಸುವುದು ಆಮೇಲಿನ ನಿಧಾನದ ಕೆಲಸ. ಎಸ್‌ಎಸ್‌ಡಿ ಮಾಡುವುದೂ ಅದನ್ನೇ. ತನ್ನ ಒಂದು ಭಾಗವನ್ನು ತಾತ್ಕಾಲಿಕವಾಗಿ ಒಂದು ಕೊಡಕ್ಕೆ ಒಂದೇ ಬಿಟ್ ಎಂಬ ರೀತಿಯಲ್ಲಿ ಬಳಸಿ ಬಂದದ್ದನ್ನೆಲ್ಲ ಅಲ್ಲಿಗೆ ಸುರಿಯುತ್ತದೆ, ಬಿಡುವಾದಾಗ ಒತ್ತಾಗಿ ಜೋಡಿಸುತ್ತದೆ. ಡಬ್ಬದ ಮೇಲಿನ ವೇಗ ಅಂಗಳದ ವೇಗ. ಅಂಗಳ ತುಂಬಿದ ಮೇಲೂ ಜೀಪುಗಳು ಬರುತ್ತಲೇ ಇದ್ದರೆ ಪ್ರತಿ ಗೋಣಿಗೂ ಅಟ್ಟ ಹತ್ತಿ ಇಳಿಯಬೇಕು. ನನ್ನ ಅಂಗಡಿಯಲ್ಲಿ ಅಗ್ಗದ ಡ್ರೈವೊಂದಕ್ಕೆ ಮದುವೆಯ ವಿಡಿಯೋಗಳನ್ನು ಹಾಕುತ್ತಿದ್ದೆ. ಮೊದಲ ಕೆಲವು ನಿಮಿಷ ಪರದೆಯ ಮೇಲಿನ ಹಸಿರು ಪಟ್ಟಿ 450ರ ಮೇಲೆ ಓಡಿತು. ಆಮೇಲೆ ಮೆಟ್ಟಿಲು ತಪ್ಪಿ ಬಿದ್ದ ಹಾಗೆ 40ಕ್ಕೆ ಇಳಿಯಿತು, ರಾತ್ರಿ ಒಂಬತ್ತಕ್ಕೆ ಅಂಗಡಿ ಮುಚ್ಚುವ ವರೆಗೆ ಅಲ್ಲಿಯೇ ನಿಂತಿತು. ಅಂಗಳ ದೊಡ್ಡದಿರಬೇಕಾದರೆ ಡ್ರೈವಿನಲ್ಲಿ ಖಾಲಿ ಜಾಗ ಬೇಕು. ನೂರಕ್ಕೆ ಹದಿನೈದು ಇಪ್ಪತ್ತು ಪಾಲು ಯಾವಾಗಲೂ ಖಾಲಿ ಬಿಡಿ.

ಇಲ್ಲಿ ಒಬ್ಬ ಮಾಸ್ತರರು ಎದ್ದು ಕೇಳಿದರು: "ಬರೆದು ಬರೆದು ಸವೆಯುವುದಾದರೆ ನಾವು ದಿನಾ ಟೈಪ್ ಮಾಡುವವರು ಏನು ಮಾಡುವುದು?"

ಒಳ್ಳೆಯ ಪ್ರಶ್ನೆ ಮಾಸ್ತರರೇ, ಲೆಕ್ಕ ಹಾಕಿಯೇ ಬಿಡೋಣ. ದಿನಕ್ಕೆ 20 ಜಿಬಿ ಬರಹ ಎಂದಿಟ್ಟುಕೊಳ್ಳಿ, ಬರೀ ಟೈಪಿಂಗ್, ಇಂಟರ್‌ನೆಟ್, ಲೆಕ್ಕಪತ್ರ ಮಾಡುವವರಿಗೆ ಅದು ಧಾರಾಳವಾದ ಅಂದಾಜು. ವರ್ಷಕ್ಕೆ 7.3 ಟಿಬಿ ಆಯಿತು. 360 ಟಿಬಿ ತಲುಪಲು 49 ವರ್ಷ ಬೇಕು. 120 ಟಿಬಿ ಬರಹದ ವಾರಂಟಿಯಿರುವ ಸಣ್ಣ ಡ್ರೈವಿಗೂ 16 ವರ್ಷ. ಬರೆದು ಸವೆದು ಸತ್ತ ಎಸ್‌ಎಸ್‌ಡಿಯನ್ನು ನನ್ನ ಮೇಜಿನ ಮೇಲೆ ನಾನು ಇನ್ನೂ ನೋಡಿಲ್ಲ. ನಾನು ನೋಡಿದ್ದು ಬೇರೆ ಸಾವುಗಳನ್ನು: ಡ್ರೈವನ್ನು ನಡೆಸುವ ಕಂಟ್ರೋಲರ್ ಚಿಪ್ಪು ಕೈಕೊಟ್ಟದ್ದು, ಕರೆಂಟು ಹೋಗಿ ಬಂದು ಒಳಗಿನ ಲೆಕ್ಕ ಹರಿದುಹೋದದ್ದು, ಮೊದಲೇ ಕಳಪೆಯಾಗಿದ್ದ ಮೆಮೊರಿ ಹಾಕಿ ಮಾರಿದ್ದು. ಹಾಗಾದರೆ ಟಿಬಿಡಬ್ಲ್ಯು ಯಾಕೆ ನೋಡಬೇಕು ಎಂದರೆ, ಒಳಗೆ ಏನಿದೆ ಎಂದು ಡಬ್ಬ ಹೇಳದಿದ್ದಾಗ ಈ ಅಂಕಿ ಹೇಳುತ್ತದೆ. 1 ಟಿಬಿ ಡ್ರೈವಿಗೆ 600 ಟಿಬಿ, 5 ವರ್ಷ ಎಂದು ಬರೆದುಕೊಡುವ ಕಂಪನಿಗೆ ತನ್ನ ಸರಕಿನ ಮೇಲೆ ನಂಬಿಕೆಯಿದೆ. 220 ಎಂದು ಬರೆದಿದ್ದರೆ ಒಳಗೆ ಕ್ಯೂಎಲ್‌ಸಿ ಇರುವ ಸಾಧ್ಯತೆಯೇ ಹೆಚ್ಚು. ಏನನ್ನೂ ಬರೆಯದೆ ಬಿಟ್ಟ ಡ್ರೈವನ್ನು ದಯವಿಟ್ಟು ಕೈಯಲ್ಲಿ ಹಿಡಿಯಬೇಡಿ.

ಇದು ಮುಖ್ಯವಾಗುವುದಕ್ಕೆ ಇನ್ನೊಂದು ಕಾರಣವಿದೆ. ಒಂದೇ ಹೆಸರು, ಒಂದೇ ಡಬ್ಬ, ಆದರೆ ಒಳಗಿನ ಚಿಪ್ಪು ಬದಲು. 2021ರಲ್ಲಿ ಹೆಸರಾಂತ ಕಂಪನಿಗಳ ಕೆಲವು ಜನಪ್ರಿಯ ಮಾದರಿಗಳಲ್ಲಿ ಹೀಗೆ ಸದ್ದಿಲ್ಲದೆ ಬದಲಾಯಿಸಿದ್ದು ಪರೀಕ್ಷಕರ ಕಣ್ಣಿಗೆ ಬಿದ್ದು ದೊಡ್ಡ ಸುದ್ದಿಯಾಯಿತು. ಇದು ಗಿರಾಕಿಗೆ ಮಾಡಿದ ಅನ್ಯಾಯವೆಂದೇ ನಾನು ತಿಳಿಯುತ್ತೇನೆ. ಎರಡು ವರ್ಷದ ಹಿಂದೆ ಓದಿದ ಹೊಗಳಿಕೆಯನ್ನು ನಂಬಿ ಇವತ್ತು ಕೊಳ್ಳುವಂತಿಲ್ಲ. ವಾರಂಟಿಯ ವರ್ಷ ಮತ್ತು ಟಿಬಿಡಬ್ಲ್ಯು ಮಾತ್ರ ಕಂಪನಿ ಬರೆದುಕೊಟ್ಟ ಮಾತು, ಅದನ್ನು ಹಿಡಿದು ಕೇಳಬಹುದು.

ಈಗ ವೇಗದ ವಿಷಯ. ಸಾಟಾ ಎಂಬ ಹಳೆಯ ಜೋಡಣೆಯ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ. ಎನ್‌ವಿಎಂಇ ಎಂಬ ಹೊಸ ಬಗೆಯದು ಮೂರನೆಯ ಪೀಳಿಗೆಯಲ್ಲಿ 3500, ನಾಲ್ಕನೆಯದರಲ್ಲಿ 7000, ಐದನೆಯದರಲ್ಲಿ 14000ದ ವರೆಗೂ ಹೋಗುತ್ತದೆ. ಅಂಕಿ ನೋಡಿದರೆ ಯಾರಿಗೂ ಆಸೆಯಾಗುತ್ತದೆ. ಆದರೆ ನಮ್ಮ ಗುಡ್ಡೆಯಲ್ಲಿ ನೀರಿಗಾಗಿ ಕೊರೆದ ಸುರಂಗಗಳನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಸುರಂಗದ ಒಳಗೆ ಒಸರುವುದು ಎಳೆಯಷ್ಟು ನೀರು. ಅದಕ್ಕೆ ಅರ್ಧ ಇಂಚಿನ ಪೈಪು ಹಾಕಿದರೂ ನಾಲ್ಕು ಇಂಚಿನದು ಹಾಕಿದರೂ ತೊಟ್ಟಿ ತುಂಬಲು ಅಷ್ಟೇ ಹೊತ್ತು. ನಾವು ದಿನನಿತ್ಯ ಮಾಡುವ ಕೆಲಸ, ಕಂಪ್ಯೂಟರ್ ಆನ್ ಮಾಡುವುದು, ಬ್ರೌಸರ್ ತೆರೆಯುವುದು, ನುಡಿ ತಂತ್ರಾಂಶದಲ್ಲಿ ಅರ್ಜಿ ಬರೆಯುವುದು, ಇವೆಲ್ಲ ಸಣ್ಣ ಸಣ್ಣ ತುಣುಕುಗಳನ್ನು ಅಲ್ಲಿ ಇಲ್ಲಿ ಹೆಕ್ಕುವ ಕೆಲಸ. ಹಾರ್ಡ್ ಡಿಸ್ಕಿನಿಂದ ಯಾವುದೇ ಎಸ್‌ಎಸ್‌ಡಿಗೆ ಬಂದಾಗ ಆಗುವ ವ್ಯತ್ಯಾಸ ಅಗಾಧ. ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಆಗುವುದು ಸ್ವಲ್ಪ. 3500ರಿಂದ 7000ಕ್ಕೆ ಹೋದಾಗ ನಿಮಗೆ ಗೊತ್ತೇ ಆಗುವುದಿಲ್ಲ. ದೊಡ್ಡ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವವರಿಗೆ ದೊಡ್ಡ ಪೈಪು ಬೇಕು, ಅವರು ಕೊಳ್ಳಲಿ. ಉಳಿದವರು ಆ ಹಣವನ್ನು ಉಳಿಸಬೇಕು.

ಕೊಳ್ಳುವ ಮೊದಲು ಯಂತ್ರವನ್ನು ನೋಡಿ. ಇದನ್ನು ಬಿಟ್ಟು ಮಂಗಳೂರಿನ ವರೆಗೆ ಹೋಗಿ ಬಂದು ಆಮೇಲೆ ಪೇಚಾಡಿದವರು ಎಷ್ಟೋ ಮಂದಿ. ಹತ್ತು ಹನ್ನೆರಡು ವರ್ಷ ಹಳೆಯ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ 2.5 ಇಂಚಿನ ಸಾಟಾ ಡಿಸ್ಕಿನ ಜಾಗ ಮಾತ್ರ ಇರುತ್ತದೆ. ಅದಕ್ಕೆ 7 ಮಿಲಿಮೀಟರ್ ದಪ್ಪದ ಸಾಟಾ ಎಸ್‌ಎಸ್‌ಡಿ ಸರಿಹೊಂದುತ್ತದೆ. ಹೊಸ ಲ್ಯಾಪ್‌ಟಾಪಿನಲ್ಲಿ ಎಂ.2 ಎಂಬ ಸೀಳು ಇರುತ್ತದೆ. ಈ ಪಟ್ಟಿಯನ್ನು ಹತ್ತಿರ ಹಿಡಿದು ನೋಡಿ, ಚಿನ್ನದ ಬಣ್ಣದ ಹಲ್ಲುಗಳ ನಡುವೆ ಒಂದು ಕಚ್ಚು ಇದೆ. ಒಂದೇ ಕಚ್ಚು ಇದ್ದರೆ ಸಾಮಾನ್ಯವಾಗಿ ಎನ್‌ವಿಎಂಇ. ಎರಡು ಕಚ್ಚು ಇದ್ದರೆ ಬಹುತೇಕ ಸಾಟಾ. ಹೊರಗಿನ ರೂಪ ಒಂದೇ, ಒಳಗಿನ ಭಾಷೆ ಬೇರೆ. ಸೀಳು ಸಾಟಾ ಮಾತ್ರ ಒಪ್ಪುವುದಾದರೆ ಎನ್‌ವಿಎಂಇ ಹಾಕಿದರೂ ಅದು ಕಾಣಿಸುವುದಿಲ್ಲ. ಉದ್ದವೂ ಮುಖ್ಯ: 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. 2242, 2230 ಗಿಡ್ಡವು. ಲ್ಯಾಪ್‌ಟಾಪಿನ ಹಿಂಭಾಗದಲ್ಲಿರುವ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಕಂಪನಿಯ ಕೈಪಿಡಿಯಲ್ಲಿ ನೋಡಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಹಳೆಯ ಡೆಸ್ಕ್‌ಟಾಪಿಗೆ ಅಡಾಪ್ಟರ್ ಹಾಕಿ ಎನ್‌ವಿಎಂಇ ಜೋಡಿಸಬಹುದು, ಆದರೆ ಹಳೆಯ ಬಯಾಸುಗಳು ಅದರಿಂದ ಬೂಟ್ ಆಗುವುದಿಲ್ಲ. ಅಂಥಲ್ಲಿ ಸಾಟಾ ಹಾಕಿ ನೆಮ್ಮದಿಯಿಂದ ಇರಿ.

ಡಿರ್‍ಯಾಮ್ ಎಂಬ ವೇಗದ ತಾತ್ಕಾಲಿಕ ಮೆಮೊರಿ ಇರುವುದು, ಇಲ್ಲದ್ದು ಎಂಬ ಮಾತು ಕೇಳಿರಬಹುದು. ಎಸ್‌ಎಸ್‌ಡಿಯ ಒಳಗೆ ಯಾವ ಕಡತ ಯಾವ ಕೊಡದಲ್ಲಿದೆ ಎಂಬ ದೊಡ್ಡ ಪಟ್ಟಿಯಿರುತ್ತದೆ, ಶ್ಯಾನುಭೋಗರ ಕಡತದ ಹಾಗೆ. ಡಿರ್‍ಯಾಮ್ ಇದ್ದರೆ ಆ ಪಟ್ಟಿ ಮೇಜಿನ ಮೇಲೆ ಬಿಡಿಸಿಟ್ಟಂತೆ. ಇಲ್ಲದಿದ್ದರೆ ಪ್ರತಿ ಸಲ ಕಪಾಟಿನಿಂದ ತೆಗೆದು ನೋಡಬೇಕು. ಎನ್‌ವಿಎಂಇ ಡ್ರೈವುಗಳು ಕಂಪ್ಯೂಟರಿನ ರ್‍ಯಾಮಿನಲ್ಲಿಯೇ ಒಂದು ಮೂಲೆಯನ್ನು ಕಡ ಕೇಳಿ ಪಟ್ಟಿಯನ್ನು ಅಲ್ಲಿಟ್ಟುಕೊಳ್ಳಬಲ್ಲವು. ಆದ್ದರಿಂದ ಡಿರ್‍ಯಾಮ್ ಇಲ್ಲದ ಎನ್‌ವಿಎಂಇ ಮನೆಬಳಕೆಗೆ ಸಾಕು. ಡಬ್ಲ್ಯುಡಿ ಬ್ಲೂ ಎಸ್‌ಎನ್‌580 ಅಂಥದ್ದೇ, ಡಿರ್‍ಯಾಮ್ ಇಲ್ಲ, ಆದರೆ ಟಿಎಲ್‌ಸಿ, 5 ವರ್ಷದ ವಾರಂಟಿ, 1 ಟಿಬಿಗೆ 600 ಟಿಬಿಡಬ್ಲ್ಯು. ಸಾಟಾ ಡ್ರೈವುಗಳಿಗೆ ಹಾಗೆ ಕಡ ಕೇಳುವ ದಾರಿಯಿಲ್ಲ. ಸಾಟಾ ಕೊಳ್ಳುವುದಾದರೆ, ಅದರಲ್ಲಿಯೂ ಅಕ್ಷಯ ಕೇಂದ್ರದ ಹಾಗೆ ಬೆಳಿಗ್ಗೆಯಿಂದ ಸಂಜೆಯ ವರೆಗೆ ಕೆಲಸವಿರುವಲ್ಲಿ, ಸ್ವಲ್ಪ ಹೆಚ್ಚು ಕೊಟ್ಟು ಡಿರ್‍ಯಾಮ್ ಇರುವುದನ್ನೇ ಕೊಳ್ಳಿ.

ಗಾತ್ರ 500 ಜಿಬಿ ಇರಲಿ. 120, 128ರ ಡ್ರೈವುಗಳು ವಿಂಡೋಸ್ ಮತ್ತು ಅದರ ಅಪ್‌ಡೇಟುಗಳ ಜೊತೆಗೆ ಬೇಗ ತುಂಬಿಹೋಗುತ್ತವೆ. 500 ಹಾಕಿದರೆ ಕಂಪ್ಯೂಟರ್ 465 ತೋರಿಸುತ್ತದೆ, ಮೋಸವಲ್ಲ, ಎಣಿಸುವ ಕ್ರಮ ಬೇರೆ.

ಬೆಲೆಯನ್ನು ನಾನು ಹೇಳುತ್ತಿಲ್ಲ. ಇವತ್ತು ಹೇಳಿದ ಬೆಲೆ ಮುಂದಿನ ತಿಂಗಳು ಸುಳ್ಳಾಗುತ್ತದೆ. ಕೃತಕ ಬುದ್ಧಿಮತ್ತೆಯ ಡೇಟಾ ಕೇಂದ್ರಗಳು ಮೆಮೊರಿಯನ್ನು ಸಗಟಾಗಿ ಎತ್ತಿಕೊಳ್ಳುತ್ತಿವೆ. 2025ರ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ನಮ್ಮಂಥ ಸಾಮಾನ್ಯ ಗಿರಾಕಿಗಳಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ವ್ಯಾಪಾರದಿಂದಲೇ ಹೊರಬರುವುದಾಗಿ ಪ್ರಕಟಿಸಿತು. ಅಡಿಕೆ ಧಾರಣೆಯನ್ನು ದಿನಾ ನೋಡುವ ನಮಗೆ ಏರಿಳಿತ ಹೊಸದಲ್ಲ. ಬೆಲೆ ಏರಿದ ಕಾಲದಲ್ಲಿ ಜನ ಹೆಸರು ಕೇಳದ ಅಗ್ಗದ ಡ್ರೈವಿಗೆ ಕೈ ಚಾಚುತ್ತಾರೆ, ನನಗೆ ಭಯವಾಗುವುದು ಅದನ್ನು ನೋಡಿ. ಕೈಯಲ್ಲಿ ಹಣ ಕಡಿಮೆಯಿದ್ದರೆ 1 ಟಿಬಿಯ ಗೊತ್ತುಗುರಿಯಿಲ್ಲದ ಡ್ರೈವಿಗಿಂತ 500 ಜಿಬಿಯ ಒಳ್ಳೆಯ ಡ್ರೈವ್ ಮೇಲು.

ಎಲ್ಲಿ ಕೊಳ್ಳಬೇಕು? ಕಾಸರಗೋಡಿನಲ್ಲಾದರೂ ಆಗಬಹುದು, ತಲಪಾಡಿ ದಾಟಿ ಮಂಗಳೂರಿನಲ್ಲಾದರೂ ಆಗಬಹುದು, ಆನ್‌ಲೈನಿನಲ್ಲಾದರೂ ಆಗಬಹುದು. ಜಿಎಸ್‌ಟಿ ಬಿಲ್ಲಿನಲ್ಲಿ ಮಾದರಿ ಮತ್ತು ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಬಿಲ್ಲಿನ ಫೋಟೋ ತೆಗೆದಿಡಿ. ಬಿಲ್ಲಿನ ಶಾಯಿ ಎರಡು ಮಳೆಗಾಲದಲ್ಲಿ ಮಾಸಿಹೋಗುತ್ತದೆ. ಭಾರತದಲ್ಲಿ ಆ ಕಂಪನಿಯ ವಾರಂಟಿ ನೋಡಿಕೊಳ್ಳುವವರು ಯಾರು, ಹತ್ತಿರದ ಸೇವಾ ಕೇಂದ್ರ ಎಲ್ಲಿ ಎಂದು ಅಂಗಡಿಯವರನ್ನು ಕೇಳಿ. ಆನ್‌ಲೈನಿನಲ್ಲಿ 2 ಟಿಬಿ, 4 ಟಿಬಿ ಎಂದು ನಂಬಲಾಗದ ಬೆಲೆಗೆ ಬರುವ ಹೊರಗಿನ ಡ್ರೈವುಗಳನ್ನು ನಂಬಲೇಬೇಡಿ. ಅಂಥದ್ದೊಂದನ್ನು ನಾನು ಬಿಚ್ಚಿದೆ, ಒಳಗೆ ಮೊಬೈಲಿಗೆ ಹಾಕುವ ಮೆಮೊರಿ ಕಾರ್ಡನ್ನು ಗಮ್ಮಿನಿಂದ ಅಂಟಿಸಿದ್ದರು, ಭಾರ ಬರಲೆಂದು ಕಬ್ಬಿಣದ ಒಂದು ತುಂಡು. ಕಂಪ್ಯೂಟರಿಗೆ ಸುಳ್ಳು ಗಾತ್ರ ತೋರಿಸುತ್ತದೆ, ತುಂಬಿಸುತ್ತ ಹೋದರೆ ಹೊಸದು ಹಳೆಯದರ ಮೇಲೆ ಬಿದ್ದು ಎರಡೂ ಹಾಳಾಗುತ್ತವೆ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಡ್ರೈವನ್ನು ಪೂರ್ತಿ ಬರೆದು ಓದಿ ಪರೀಕ್ಷಿಸಬಹುದು. ಹೊಸ ಎಸ್‌ಎಸ್‌ಡಿ ಮನೆಗೆ ತಂದ ದಿನವೇ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ತಂತ್ರಾಂಶ ಹಾಕಿ ನೋಡಿ. ಓಡಿದ ಗಂಟೆ ಸೊನ್ನೆಯ ಹತ್ತಿರ ಇರಬೇಕು. ಸಾವಿರ ಗಂಟೆ ಓಡಿದ್ದು ಕಂಡರೆ ಅದು ಯಾರದೋ ಹಳೆಯ ಡ್ರೈವ್, ಹಾಗೆಯೇ ಹಿಂದೆ ಕೊಡಿ.

ಅಕ್ಷಯ ಕೇಂದ್ರದ ಅಕ್ಕನೊಬ್ಬರು ಕೇಳಿದರು: "ನಮ್ಮಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತದೆ. ಎಸ್‌ಎಸ್‌ಡಿಗೆ ತೊಂದರೆ ಉಂಟಾ?"

ಉಂಟು ಅಕ್ಕ. ಆಗ ಹೇಳಿದ ಪಟ್ಟಿಯನ್ನು ತಿದ್ದುತ್ತಿರುವ ಹೊತ್ತಿನಲ್ಲಿಯೇ ಕರೆಂಟು ಹೋದರೆ ಪಟ್ಟಿ ಅರ್ಧಕ್ಕೆ ನಿಲ್ಲುತ್ತದೆ. ಡೇಟಾ ಕೇಂದ್ರಗಳಿಗೆಂದು ಮಾಡುವ ಡ್ರೈವುಗಳಲ್ಲಿ ಆ ಕ್ಷಣಕ್ಕೆ ಬೇಕಾದಷ್ಟು ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರುಗಳು ಸಾಲಾಗಿ ಇರುತ್ತವೆ. ನಾವು ಕೊಳ್ಳುವ ಅಗ್ಗದ ಡ್ರೈವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬಹುಪಾಲು ಸಲ ಡ್ರೈವ್ ಸುಧಾರಿಸಿಕೊಳ್ಳುತ್ತದೆ, ಒಂದು ಸಲ ಆಗದೆ ಹೋಗುತ್ತದೆ. ತುಲಾ ತಿಂಗಳಿನಲ್ಲಿ, ಅಂದರೆ ಅಕ್ಟೋಬರ್ ನವೆಂಬರಿನಲ್ಲಿ, ಮಧ್ಯಾಹ್ನ ಮೋಡ ಕಟ್ಟಿ ಗುಡುಗು ಶುರುವಾದರೆ ನನ್ನ ಅಂಗಡಿಗೆ ಮರುದಿನ ಬರುವ ಯಂತ್ರಗಳ ಸಾಲೇ ಬೇರೆ. ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದೆ ಎಸ್‌ಎಸ್‌ಡಿ ಹಾಕಬೇಡಿ, ಅದರ ಬ್ಯಾಟರಿ ಬದುಕಿದೆಯೇ ಎಂದು ತಿಂಗಳಿಗೊಮ್ಮೆ ಪ್ಲಗ್ ತೆಗೆದು ನೋಡಿ. ಲ್ಯಾಪ್‌ಟಾಪಿನ ಬ್ಯಾಟರಿ ಪೂರ್ತಿ ಸತ್ತು ಬರೀ ಚಾರ್ಜರಿನಲ್ಲಿ ಓಡಿಸುತ್ತಿದ್ದರೆ ಅದೂ ಡೆಸ್ಕ್‌ಟಾಪೇ. ಸಿಡಿಲಿನ ಹೊತ್ತಿಗೆ ಎಲ್ಲ ಪ್ಲಗ್ಗುಗಳನ್ನೂ, ಇಂಟರ್‌ನೆಟ್ ಕೇಬಲನ್ನೂ ಕಿತ್ತಿಡಿ.

ಇನ್ನು ಎರಡನೆಯ ಪ್ರತಿಯ ವಿಷಯ, ತಾಳಮದ್ದಳೆಯ ಹಿರಿಯರಿಗೆ ನಾನು ಮೊದಲೇ ಹೇಳಲಾಗದೆ ಹೋದ ಮಾತು. ಹಾರ್ಡ್ ಡಿಸ್ಕ್ ಸಾಯುವ ಮೊದಲು ಹೆಚ್ಚಾಗಿ ಟಿಕ್ ಟಿಕ್ ಎನ್ನುತ್ತದೆ, ನಿಧಾನವಾಗುತ್ತದೆ, ಕೂಗಿ ಹೇಳುತ್ತದೆ. ಎಸ್‌ಎಸ್‌ಡಿ ನಿನ್ನೆ ರಾತ್ರಿ ಚೆನ್ನಾಗಿದ್ದು ಇವತ್ತು ಬೆಳಿಗ್ಗೆ ಇಲ್ಲವಾಗುತ್ತದೆ. ಅಳಿಸಿದ ಕಡತದ ಕತೆಯೂ ಹಾಗೆಯೇ. ಈ ಜಾಗ ಇನ್ನು ಬೇಡ ಎಂದು ಕಂಪ್ಯೂಟರ್ ತಿಳಿಸುವ ಟ್ರಿಮ್ ಎಂಬ ಆಜ್ಞೆ ಬಂದೊಡನೆ ಡ್ರೈವ್ ಆ ಕೊಡಗಳನ್ನು ತೊಳೆದಿಡಲು ಹೊರಡುತ್ತದೆ, ಹಾರ್ಡ್ ಡಿಸ್ಕಿನಲ್ಲಿ ಹುಡುಕಿ ಹೊರತೆಗೆದ ಹಾಗೆ ಇಲ್ಲಿ ಆಗುವುದಿಲ್ಲ. ವಾರಂಟಿಯಲ್ಲಿ ಕಂಪನಿ ಹೊಸ ಡ್ರೈವ್ ಕೊಡುತ್ತದೆ, ಒಳಗಿದ್ದ ದನಿಗಳನ್ನು ಕೊಡುವುದಿಲ್ಲ.

ಹೆಸರಾಂತ ಕಂಪನಿಯದ್ದನ್ನು ಕೊಂಡರೂ ಇದು ತಪ್ಪಿದ್ದಲ್ಲ. 2019ರ ನವೆಂಬರಿನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ತನ್ನ ಗಿರಾಕಿಗಳಿಗೆ ಒಂದು ಎಚ್ಚರಿಕೆ ಕಳುಹಿಸಿತು. ಸರ್ವರುಗಳಲ್ಲಿ ಬಳಸುವ ಕೆಲವು ಎಸ್‌ಎಸ್‌ಡಿಗಳು ಫರ್ಮ್‌ವೇರಿನ (ಡ್ರೈವಿನ ಒಳಗೇ ಇರುವ ತಂತ್ರಾಂಶದ) ದೋಷದಿಂದ ಸರಿಯಾಗಿ 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ಓಡಿದ ಕೂಡಲೇ ನಿಂತುಹೋಗುತ್ತವೆ, ಅದರೊಳಗಿನ ಮಾಹಿತಿ ಮರಳಿ ಸಿಗುವುದಿಲ್ಲ, ತಿದ್ದಿದ ಫರ್ಮ್‌ವೇರ್ ಹಾಕಿಕೊಳ್ಳಿ ಎಂದು. ಒಂದೇ ದಿನ ಕೊಂಡು ಒಂದೇ ದಿನ ಓಡಿಸತೊಡಗಿದ ಎರಡು ಡ್ರೈವುಗಳು ಒಂದೇ ದಿನ ಸಾಯಬಲ್ಲವು ಎಂದಾಯಿತು. ಅದಕ್ಕಾಗಿ ಎರಡನೆಯ ಪ್ರತಿ ಬೇರೆ ಕಂಪನಿಯ, ಬೇರೆ ಬಗೆಯ ಡಿಸ್ಕಿನಲ್ಲಿ ಇರಲಿ. ನಿಮ್ಮ ಲ್ಯಾಪ್‌ಟಾಪಿನಿಂದ ತೆಗೆದ ಹಳೆಯ ಹಾರ್ಡ್ ಡಿಸ್ಕ್ ಆರೋಗ್ಯವಾಗಿದ್ದರೆ ಗುಜರಿಗೆ ಕೊಡಬೇಡಿ. ಯುಎಸ್‌ಬಿ ಕೇಸಿನಲ್ಲಿ ಹಾಕಿದರೆ ಅದೇ ನಿಮ್ಮ ಎರಡನೆಯ ಪ್ರತಿ. ಫರ್ಮ್‌ವೇರ್ ಅಪ್‌ಡೇಟನ್ನು ವರ್ಷಕ್ಕೊಮ್ಮೆಯಾದರೂ ಕಂಪನಿಯ ತಂತ್ರಾಂಶದಲ್ಲಿ ನೋಡಿ.

ಯುವಕನೊಬ್ಬ ಕೇಳಿದ: "ಯಕ್ಷಗಾನದ ವಿಡಿಯೋಗಳನ್ನು ಎಸ್‌ಎಸ್‌ಡಿಯಲ್ಲಿ ತುಂಬಿಸಿ ಕಪಾಟಿನಲ್ಲಿ ಇಟ್ಟರೆ ಆಗುವುದಿಲ್ಲವಾ ಅಣ್ಣ?"

ಬೇಡ ತಮ್ಮ. ಕೊಡ ಸೋರಿದರೆ ಲೆಕ್ಕ ತಪ್ಪುತ್ತದೆ ಎಂದೆನಲ್ಲ, ಅದು ಕಾಲ ಕಳೆದಂತೆ ಸೋರುತ್ತದೆ, ಕರೆಂಟಿಲ್ಲದೆ ಇಟ್ಟಾಗ ಅದನ್ನು ಮರಳಿ ತುಂಬಿಸುವವರು ಇರುವುದಿಲ್ಲ. ಸಾಮಾನ್ಯ ಗಿರಾಕಿಗಳ ಎಸ್‌ಎಸ್‌ಡಿಗೆ ಮೆಮೊರಿಗಳಿಗೆ ನಿಯಮ ರೂಪಿಸುವ ಜೆಡೆಕ್ ಸಂಸ್ಥೆಯ ಮಾನದಂಡ ಕೇಳುವುದು ಇಷ್ಟೇ: ಬರಹದ ಆಯುಸ್ಸು ಪೂರ್ತಿ ಮುಗಿದ ಡ್ರೈವ್ 30 ಡಿಗ್ರಿ ಉಷ್ಣತೆಯಲ್ಲಿ ಕರೆಂಟಿಲ್ಲದೆ ಒಂದು ವರ್ಷ ಮಾಹಿತಿ ಉಳಿಸಿಕೊಳ್ಳಬೇಕು. ಹೊಸದು ಇನ್ನೂ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ, ಆದರೆ ಸೆಕೆ ಹೆಚ್ಚಿದಷ್ಟು ಸೋರಿಕೆ ಹೆಚ್ಚು, ನಮ್ಮ ಏಪ್ರಿಲಿನಲ್ಲಿ ಹಂಚಿನ ಮಾಡಿನ ಕೆಳಗೆ ಇಟ್ಟ ಕಪಾಟಿನ ಒಳಗೆ 30 ಡಿಗ್ರಿ ಎಲ್ಲಿ ಸಿಗುತ್ತದೆ? ಸಂಗ್ರಹಕ್ಕೆ ಹಾರ್ಡ್ ಡಿಸ್ಕೇ ಸರಿ, ಅದೂ ಎರಡು, ಎರಡು ಮನೆಗಳಲ್ಲಿ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಡು, ಆರು ತಿಂಗಳಿಗೊಮ್ಮೆ ಓಡಿಸಿ ನೋಡು. ಎಸ್‌ಎಸ್‌ಡಿ ಇರುವುದು ಕೆಲಸ ಮಾಡುವುದಕ್ಕೆ.

ಕೊನೆಯದಾಗಿ ಹಿಂದಿನ ಬೆಂಚಿನಿಂದ ನಿವೃತ್ತ ಅಂಚೆ ಪೇದೆಯೊಬ್ಬರು ಎದ್ದರು. ಅವರ ಮನೆಯಲ್ಲಿರುವುದು 2014ರ ಲ್ಯಾಪ್‌ಟಾಪ್, ಮೊಮ್ಮಗಳು ಒಂಬತ್ತನೆಯ ತರಗತಿ, ವಿಂಡೋಸ್ 10ರ ಬೆಂಬಲ ಮುಗಿಯಿತು ಎಂದು ಪರದೆಯ ಮೇಲೆ ಬರುತ್ತಿದೆ, ಅದಕ್ಕೆ ಹಣ ಹಾಕುವುದು ದಂಡವೇ ಎಂದು ಕೇಳಿದರು.

ದಂಡವಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ನಿಜ, ಆ ಲ್ಯಾಪ್‌ಟಾಪಿಗೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ ಎಂಬುದೂ ನಿಜ. ಆದರೆ ನಿಮ್ಮ ಮೊಮ್ಮಗಳು ಶಾಲೆಯಲ್ಲಿ ಬಳಸುವುದು ಕೇರಳದ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೈಟ್ ಸಂಸ್ಥೆಯವರು ಉಬುಂಟುವಿನ ಆಧಾರದಲ್ಲಿ ಮಾಡಿದ ಗ್ನು ಲಿನಕ್ಸ್, ವಿಂಡೋಸಿನ ಬದಲು ಹಾಕಬಹುದಾದ ವ್ಯವಸ್ಥೆ. ಅವಳಿಗೆ ಅದರ ಪರಿಚಯ ಇದೆ, ಅದಕ್ಕೆ ದುಡ್ಡಿಲ್ಲ, ಟ್ರಿಮ್ ಕೆಲಸವನ್ನು ಅದು ವಾರಕ್ಕೊಮ್ಮೆ ತಾನಾಗಿಯೇ ಮಾಡಿಕೊಳ್ಳುತ್ತದೆ. 500 ಜಿಬಿಯ ಒಂದು ಸಾಟಾ ಟಿಎಲ್‌ಸಿ ಡ್ರೈವ್ ಸಾಕು, 5 ವರ್ಷದ ವಾರಂಟಿ ಇರುವುದು. ಹಳೆಯ ಡಿಸ್ಕಿನಲ್ಲಿರುವ ಮದುವೆಯ ಫೋಟೋಗಳನ್ನು ಮುಟ್ಟುವುದು ಬೇಡ, ಅದನ್ನು ಕೇಸಿನಲ್ಲಿ ಹಾಕಿ ಕೊಡುತ್ತೇನೆ. ಬರುವ ಶನಿವಾರ ಲ್ಯಾಪ್‌ಟಾಪ್ ತನ್ನಿ, ಚಾರ್ಜರ್ ಮರೆಯಬೇಡಿ, ಮೊಮ್ಮಗಳನ್ನೂ ಕರೆದುಕೊಂಡು ಬನ್ನಿ. ಸ್ಕ್ರೂ ಬಿಚ್ಚುವುದನ್ನು ಅವಳೇ ಮಾಡಲಿ, ನಾನು ಪಕ್ಕದಲ್ಲಿ ಕುಳಿತು ತೋರಿಸಿಕೊಡುತ್ತೇನೆ.